ಬೆಂಕಿಯಲ್ಲಿ ಹದಗೊಂಡ ಚಹಾ

ಕಾಫಿ ಬೀಜವನ್ನು ಮನೆಯಲ್ಲಿಯೇ ಹುರಿದು ಬಲ್ಲವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಬಾಣಲೆಯನ್ನು ಒಂದಿಷ್ಟು ಬೇಗ ಇಳಿಸಿದರೆ ಬೀಜದಲ್ಲಿ ಹಸಿ ವಾಸನೆ ಉಳಿಯುತ್ತದೆ. ಒಂದಿಷ್ಟು ತಡವಾದರೆ ಸೀದು ಕರಿಕಾಗುತ್ತದೆ. ಇವೆರಡರ ನಡುವಣ ಹದವನ್ನು ಹಿಡಿಯುವುದೇ ಹುರಿಯುವವರ ಜಾಣ್ಮೆ. ಚಹಾ ಸೊಪ್ಪಿಗೂ ಇಂಥದೇ ಬೆಂಕಿಯ ಹದವೊಂದುಂಟು ಎಂದರೆ ನಮ್ಮಲ್ಲಿ ಹಲವರಿಗೆ ಹೊಸ ಮಾತೆನ್ನಿಸೀತು. ನಮ್ಮ ಮನೆಗಳಿಗೆ ಬರುವ ಚಹಾ ಬಹುಮಟ್ಟಿಗೆ ಸಣ್ಣ ಕಾಳಿನಂಥ ಕಪ್ಪು ಪುಡಿ. ಅದನ್ನು ಹಾಲು ಸಕ್ಕರೆಗಳೊಡನೆ ಕುದಿಸಿ, ಸೋಸಿ ಕುಡಿಯುವುದು ರೂಢಿ. ಆ ಪುಡಿಗೆ ಆ ಕ್ರಮವೇ ಸರಿ. ಆದರೆ ಚೀನ ದೇಶದ ಕಡು ಬಣ್ಣದ ಊಲಾಂಗ್ ಚಹಾವನ್ನು ಹಾಗೆ ಕುದಿಸಿದರೆ, ಅದನ್ನು ಮಾಡಿದವರ ಹಲವು ತಿಂಗಳ ಶ್ರಮ ಐದೇ ನಿಮಿಷದಲ್ಲಿ ನೀರಿನ ಪಾಲಾಗುತ್ತದೆ.

ಈ ಚಹಾದ ರುಚಿ ತಿಳಿಯದೆ ಮೊದಲು ಹಳಿದು, ಆಮೇಲೆ ಮನಸ್ಸು ಬದಲಾಯಿಸಿಕೊಂಡವರಲ್ಲಿ ದೊಡ್ಡವರೂ ಇದ್ದಾರೆ. ಹದಿನೆಂಟನೆಯ ಶತಮಾನದ ಚೀನದಲ್ಲಿ ಯುವಾನ್ ಮೇ ಎಂಬ ಪ್ರಸಿದ್ಧ ಕವಿಯಿದ್ದನು. ಊಟ ತಿಂಡಿಗಳ ವಿಚಾರದಲ್ಲಿ ಬಹು ಸೂಕ್ಷ್ಮವಾದ ನಾಲಗೆ ಅವನದು. ಅಡಿಗೆಯ ಮೇಲೆ ಒಂದು ಗ್ರಂಥವನ್ನೇ ಬರೆದವನು. ವುಯಿ ಬೆಟ್ಟಗಳ ಚಹಾ ಅವನಿಗೆ ಮೊದಲು ಹಿಡಿಸಿರಲಿಲ್ಲ. ಮಂದವಾಗಿ, ಕಹಿಯಾಗಿ, ಔಷಧ ಕುಡಿದ ಹಾಗೆ ಇರುತ್ತದೆಂದು ಅವನ ದೂರು. 1786ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಅವನು ಆ ಬೆಟ್ಟಗಳಿಗೇ ಹೋದನು. ಅಲ್ಲಿನ ಮಠಗಳ ಸಾಧುಗಳು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಕುಡಿಕೆಯಲ್ಲಿ ಚಹಾ ಹಾಕಿ, ಅಕ್ರೋಟಿನ ಕಾಯಿಯಷ್ಟೇ ಇದ್ದ ಬಟ್ಟಲುಗಳಲ್ಲಿ ಬಗ್ಗಿಸಿ ಕೊಟ್ಟರು. ಒಂದೇ ಗುಟುಕಿಗೆ ನುಂಗಲು ಮನಸ್ಸೊಪ್ಪಲಿಲ್ಲ. ಮೊದಲು ಮೂಸಿ ನೋಡಿದನು, ಆಮೇಲೆ ಸ್ವಲ್ಪಸ್ವಲ್ಪವಾಗಿ ಸವಿದನು. ಕಂಪು ಮೂಗಿಗೇರಿತು, ನಾಲಗೆಯ ಮೇಲೆ ಸಿಹಿ ನಿಂತಿತು. ಮೂರು ಸಲ ನೀರೆರೆದರೂ ರುಚಿ ಮುಗಿಯಲಿಲ್ಲವೆಂದು ತನ್ನ ಗ್ರಂಥದಲ್ಲಿ ಬರೆದಿಟ್ಟನು. ಎಲೆ ಅದೇ ಬೆಟ್ಟದ್ದು. ಬದಲಾದದ್ದು ಬಗ್ಗಿಸಿದ ಕ್ರಮ, ಕುಡಿದ ರೀತಿ.

ವುಯಿ ಬೆಟ್ಟಗಳಿರುವುದು ಚೀನದ ಆಗ್ನೇಯ ಕರಾವಳಿಯ ಫುಜಿಯಾನ್ ಪ್ರಾಂತದ ವಾಯವ್ಯ ಮೂಲೆಯಲ್ಲಿ. ನಾವು ದಿನವೂ ಆಡುವ 'ಟೀ' ಎಂಬ ಮಾತಿನ ಮೂಲ ಇದೇ ಪ್ರಾಂತದ ಕರಾವಳಿಯ ಆಡುನುಡಿ. ಅಲ್ಲಿನವರು ಈ ಎಲೆಯನ್ನು 'ತೆ' ಎಂದು ಕರೆಯುತ್ತಾರೆ. ಹಡಗಿನ ವ್ಯಾಪಾರದೊಡನೆ ಆ ಹೆಸರು ಯೂರೋಪನ್ನು ಸೇರಿ, ಇಂಗ್ಲಿಷಿನ ಮೂಲಕ ನಮ್ಮಲ್ಲಿಗೆ ಬಂತು. ಚೀನದ ಉಳಿದ ಹೆಚ್ಚು ಕಡೆ ಹೇಳುವ 'ಚಾ' ಎಂಬುದು ಬೇರೆ ದಾರಿಗಳಲ್ಲಿ ಹರಡಿ ನಮ್ಮ 'ಚಹಾ' ಆಯಿತು. ಒಂದೇ ಎಲೆಯ ಎರಡು ಹೆಸರೂ ನಮ್ಮ ಮನೆಯಲ್ಲಿವೆ.

ವುಯಿಯ ನೆಲ ಕೆಂಪು ಮರಳುಗಲ್ಲಿನದು. ಕಡಿದಾದ ಬಂಡೆಗಳು, ನಡುವೆ ಕಿರಿದಾದ ಕಣಿವೆಗಳು, ಒಂಬತ್ತು ತಿರುವುಗಳ ಒಂದು ಹೊಳೆ. ಬಂಡೆಗಳ ಸಂದಿನಲ್ಲಿ ಕಲ್ಲುಕಟ್ಟಿದ ಸಣ್ಣ ಸಣ್ಣ ಪಾತಿಗಳಲ್ಲಿ ಚಹಾ ಗಿಡಗಳು ಬೆಳೆಯುತ್ತವೆ. ಆದುದರಿಂದಲೇ ಈ ಚಹಾಕ್ಕೆ 'ಬಂಡೆಯ ಚಹಾ' ಎಂದು ಹೆಸರು. 1999ರಲ್ಲಿ ಯುನೆಸ್ಕೋ ಸಂಸ್ಥೆ ಈ ಪ್ರದೇಶವನ್ನು ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು.

ಹಸಿರು ಚಹಾ, ಕಪ್ಪು ಚಹಾ, ಊಲಾಂಗ್ ಎಂದರೆ ಬೇರೆ ಬೇರೆ ಗಿಡಗಳಲ್ಲ. ಎಲ್ಲವೂ ಒಂದೇ ಜಾತಿಯ ಗಿಡದ ಎಲೆ. ಕೊಯ್ದ ಎಲೆ ಜಜ್ಜಿದಾಗ ಅದರೊಳಗಿನ ರಸ ಗಾಳಿಯ ಆಮ್ಲಜನಕದೊಡನೆ ಕೂಡಿ ಕೆಂಪಾಗುತ್ತದೆ. ಹೆಚ್ಚಿಟ್ಟ ಸೇಬಿನ ಹೋಳು ಕೆಂಪಾಗುವುದೂ ಹೀಗೆಯೇ. ಹಾಗಾಗಲು ಬಿಡದೆ ಕೊಯ್ದ ಕೂಡಲೆ ಬಿಸಿ ತಾಗಿಸಿದರೆ ಹಸಿರು ಚಹಾ. ಪೂರ್ತಿ ಕೆಂಪಾಗಲು ಬಿಟ್ಟರೆ ಕಪ್ಪು ಚಹಾ. ಅರ್ಧದಾರಿಯಲ್ಲಿ ತಡೆದರೆ ಊಲಾಂಗ್. ಚೀನೀ ಭಾಷೆಯಲ್ಲಿ ಈ ಹೆಸರಿನ ಅಕ್ಷರಗಳಿಗೆ 'ಕಪ್ಪು ನಾಗ' ಎಂಬ ಅರ್ಥ ಬರುತ್ತದೆ.

ಈ ಅರ್ಧದಾರಿಯನ್ನು ಗುರುತಿಸುವುದೇ ಕಷ್ಟ. ಬಂಡೆಯ ಚಹಾಕ್ಕೆ ಎಳೆಯ ಮೊಗ್ಗನ್ನು ಕೀಳುವುದಿಲ್ಲ. ಮೊಗ್ಗು ಬಿಚ್ಚಿ, ಮೂರು ನಾಲ್ಕು ಎಲೆಗಳು ಬಲಿತ ಮೇಲೆ, ಏಪ್ರಿಲ್ ಕೊನೆಯಿಂದ ಮೇ ನಡುವಿನವರೆಗೆ ಕೊಯ್ಯುತ್ತಾರೆ. ಬಿಸಿಲಿಗೆ ಹರವಿ ಬಾಡಿಸುತ್ತಾರೆ. ಆಮೇಲೆ ಅಗಲವಾದ ಬಿದಿರು ತಟ್ಟೆಗಳಲ್ಲಿ ಹಾಕಿ, ನಮ್ಮವರು ಮೊರದಲ್ಲಿ ಅಕ್ಕಿ ಕೇರುವಂತೆ, ಅಲುಗಿಸುತ್ತಾರೆ. ಸ್ವಲ್ಪ ಹೊತ್ತು ಅಲುಗಿಸುವುದು, ಸ್ವಲ್ಪ ಹೊತ್ತು ಸುಮ್ಮನೆ ಬಿಡುವುದು: ಹೀಗೆ ರಾತ್ರಿಯೆಲ್ಲ ಸಾಗುತ್ತದೆ. ಈಗ ಬಹಳ ಕಡೆ ಯಂತ್ರದ ಪೀಪಾಯಿಗಳು ಈ ಕೆಲಸ ಮಾಡುತ್ತವೆ. ಆದರೆ ಮಧ್ಯರಾತ್ರಿಯಲ್ಲಿ ಎದ್ದು ಎಲೆಯನ್ನು ಮೂಸಿ ನೋಡುವ ಮೂಗಿಗೆ ಯಂತ್ರ ಬಂದಿಲ್ಲ. ಎಲೆಗಳ ಅಂಚು ಒಂದಕ್ಕೊಂದು ತಾಗಿ ನಲುಗಿ ಕೆಂಪಾಗುತ್ತದೆ, ನಡುವು ಹಸಿರಾಗಿಯೇ ಉಳಿಯುತ್ತದೆ. ಹುಲ್ಲಿನ ವಾಸನೆ ಹೋಗಿ ಹೂವಿನ ವಾಸನೆ ಬಂದ ಘಳಿಗೆಯಲ್ಲಿ ಕಾದ ಬಾಣಲೆಗೆ ಹಾಕಿ ಆ ಕ್ರಿಯೆಯನ್ನು ನಿಲ್ಲಿಸುತ್ತಾರೆ. ಬಳಿಕ ಹೊಸೆದು ಒಣಗಿಸುತ್ತಾರೆ.

ಹಗುರವಾದ ಊಲಾಂಗುಗಳ ಕೆಲಸ ಹೆಚ್ಚುಕಡಿಮೆ ಇಲ್ಲಿಗೆ ಮುಗಿಯುತ್ತದೆ. ಕಡು ಊಲಾಂಗಿಗೆ ಇನ್ನೊಂದು ಹಂತವುಂಟು, ಅದೇ ಬೆಂಕಿ. ಇದ್ದಿಲನ್ನು ಚೆನ್ನಾಗಿ ಕೆಂಡವಾಗಿಸಿ, ಹೊಗೆ ಜ್ವಾಲೆಗಳು ಏಳದಂತೆ ಮೇಲೆ ಬೂದಿ ಮುಚ್ಚುತ್ತಾರೆ. ಅದರ ಮೇಲೆ ಎಲೆ ತುಂಬಿದ ಬಿದಿರು ಬುಟ್ಟಿಯನ್ನಿಟ್ಟು, ಆಗಾಗ ತಿರುವಿ ಹಾಕುತ್ತ, ಗಂಟೆಗಟ್ಟಲೆ ಕಾವು ಕೊಡುತ್ತಾರೆ. ಬೂದಿ ತೆಳುವಾದರೆ ಕಾವು ಹೆಚ್ಚು, ದಪ್ಪವಾದರೆ ಕಡಮೆ. ಒಮ್ಮೆ ಕಾವು ಕೊಟ್ಟ ಎಲೆಯನ್ನು ಕೆಲವು ವಾರ ವಿಶ್ರಾಂತಿಗೆ ಬಿಟ್ಟು, ಮತ್ತೆ ಬುಟ್ಟಿಗೆ ಹಾಕುತ್ತಾರೆ. ಕೆಲವಕ್ಕೆ ಮೂರನೆಯ ಸಲವೂ ಉಂಟು. ಮೇ ತಿಂಗಳಲ್ಲಿ ಕೊಯ್ದ ಎಲೆ ಕುಡಿಯಲು ಸಿದ್ಧವಾಗುವುದು ಶರತ್ಕಾಲದ ಹೊತ್ತಿಗೆ. ಈ ಕಲೆಯನ್ನು ಚೀನ ಸರ್ಕಾರ 2006ರಲ್ಲಿ ರಾಷ್ಟ್ರೀಯ ಪರಂಪರೆಯ ಮೊದಲ ಪಟ್ಟಿಯಲ್ಲಿ ಸೇರಿಸಿತು. 2022ರಲ್ಲಿ ಚೀನದ ಸಾಂಪ್ರದಾಯಿಕ ಚಹಾ ತಯಾರಿಕೆಗೆ ಯುನೆಸ್ಕೋ ಮನ್ನಣೆಯೂ ದೊರೆಯಿತು.

ಬೆಂಕಿ ಮಾಡುವುದೇನು? ಎಲೆಯೊಳಗಿನ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಕಾವಿಗೆ ಸೇರಿ ಹೊಸ ಕಂಪುಗಳು ಹುಟ್ಟುತ್ತವೆ. ರೊಟ್ಟಿ ಬೇಯುವಾಗ, ಕಡಲೆ ಹುರಿಯುವಾಗ ಮನೆ ತುಂಬುವ ಘಮ ಇದೇ ಬಗೆಯದು. ಎಲೆಯ ಒಗರು ತಗ್ಗಿ, ಪಾನೀಯದ ಬಣ್ಣ ಜೇನಿನಿಂದ ಕೆಂಗಂದಿಗೆ ತಿರುಗುತ್ತದೆ. ಹದವಾಗಿ ಕಾವು ಕಂಡ ಚಹಾದಲ್ಲಿ ಮೊದಲು ಹುರಿದ ಧಾನ್ಯದ ವಾಸನೆ, ಅದರ ಹಿಂದೆ ಬೆಲ್ಲದ ಪಾಕದ ನೆನಪು, ಎಲ್ಲಕ್ಕೂ ಒಳಗೆ ಹೂವಿನ ಕಂಪು. 'ರೌಗುಯಿ' ಎಂಬ ತಳಿಗೆ ದಾಲ್ಚಿನ್ನಿಯ ಹೆಸರನ್ನೇ ಇಟ್ಟಿದ್ದಾರೆ. ಅದರಲ್ಲಿ ಖಾರದ ಒಂದು ಎಳೆಯುಂಟು. 'ಶುಯಿಶಿಯನ್' ಎಂಬುದು ಮೃದು, ಬಾಯಿ ತುಂಬುವ ತಳಿ. ನುಂಗಿದ ಮೇಲೆ ಗಂಟಲಲ್ಲಿ ಒಂದು ತಂಪಾದ ಸಿಹಿ ಹಿಂತಿರುಗಿ ಬರುತ್ತದೆ. ನೆಲ್ಲಿಕಾಯಿ ತಿಂದು ನೀರು ಕುಡಿದವರಿಗೆ ಅದರ ಕಲ್ಪನೆಯಾದೀತು. ಮಳೆಯಲ್ಲಿ ನೆನೆದ ಕಲ್ಲಿನದೆನ್ನಬಹುದಾದ ರುಚಿಯೂ ಜೊತೆಗಿರುತ್ತದೆ. ಇದನ್ನೆಲ್ಲ ಸೇರಿಸಿ ಅಲ್ಲಿನವರು 'ಬಂಡೆಯ ಲಯ' ಎನ್ನುತ್ತಾರೆ.

ಆದರೆ ಬೆಂಕಿ ಗುಣವನ್ನು ತೆರೆಯುವಂತೆ ದೋಷವನ್ನು ಮುಚ್ಚಲೂ ಬಲ್ಲುದು. ಕೀಳು ಸೊಪ್ಪನ್ನು ಚೆನ್ನಾಗಿ ಸುಟ್ಟು ಮಾರಿದರೆ ಮೊದಲ ಬಟ್ಟಲಿನಲ್ಲಿ ಮೋಸ ತಿಳಿಯುವುದಿಲ್ಲ. ಇದಕ್ಕೊಂದು ಸುಲಭ ಪರೀಕ್ಷೆಯುಂಟು. ಕುಡಿದಾದ ಮೇಲೆ ಉಳಿದ ಎಲೆಯನ್ನು ಬೆರಳಿನಿಂದ ಬಿಡಿಸಿ ನೋಡಬೇಕು. ಹದವಾದ ಎಲೆ ನೀರಿನಲ್ಲಿ ಅರಳಿ, ಮೆತ್ತಗಾಗಿರುತ್ತದೆ. ಇದ್ದಿಲಿನ ಹಾಗೆ ಕಪ್ಪಾಗಿ, ಸುರುಳಿ ಬಿಚ್ಚದೆ ಬಿರುಸಾಗಿ ಉಳಿದರೆ ಅದು ಸುಟ್ಟ ಎಲೆ.

ಇನ್ನು ಬಗ್ಗಿಸುವ ಕ್ರಮ. ಚೀನದಲ್ಲಿ ಇದಕ್ಕೆ ಮುಚ್ಚಳವಿರುವ ಪಿಂಗಾಣಿ ಬಟ್ಟಲನ್ನು ಬಳಸುತ್ತಾರೆ. ಸುಮಾರು 100 ಮಿಲಿಲೀಟರು ನೀರು ಹಿಡಿಯುತ್ತದೆ. ನಮ್ಮ ಮನೆಯಲ್ಲಿ ಸಣ್ಣ ಪಿಂಗಾಣಿ ಕಪ್ಪಿಗೆ ಸಾಸರನ್ನು ಮುಚ್ಚಿದರೂ ಕೆಲಸ ನಡೆಯುತ್ತದೆ. ಅದಕ್ಕೆ 5 ಗ್ರಾಂ ಎಲೆ. ಉದ್ದನೆಯ ಸುರುಳಿ ಎಲೆಯಾದುದರಿಂದ ಕಪ್ಪಿನ ಅರ್ಧದಷ್ಟು ತುಂಬಿದಂತೆ ಕಂಡೀತು; ಗಾಬರಿಪಡಬೇಕಾಗಿಲ್ಲ. ಕಪ್ಪನ್ನು ಮೊದಲು ಬಿಸಿನೀರಿನಿಂದ ತೊಳೆದು ಬೆಚ್ಚಗೆ ಮಾಡಿ, ಎಲೆ ಹಾಕಿ, ಆಗತಾನೆ ಮರಳಿದ ನೀರನ್ನು ಹುಯ್ಯಬೇಕು. ಹಸಿರು ಚಹಾಕ್ಕೆ ಆರಿದ ನೀರು ಒಳ್ಳೆಯದು. ಬಲಿತ, ಕಾವು ಕಂಡ ಈ ಎಲೆಗೆ ಕುದಿನೀರೇ ಬೇಕು, ಇಲ್ಲವಾದರೆ ಕಂಪು ಏಳುವುದಿಲ್ಲ. ಆದರೆ ಎಲೆಯನ್ನು ಒಲೆಯ ಮೇಲಿಟ್ಟು ಕುದಿಸತಕ್ಕದ್ದಲ್ಲ.

ನೀರು ಹುಯ್ದು ಹತ್ತು ಎಣಿಸುವುದರೊಳಗೆ, ಮುಚ್ಚಳವನ್ನು ಓರೆಮಾಡಿ ಅಥವಾ ಜಾಲರಿಯಲ್ಲಿ ಸೋಸಿ, ಪೂರ್ತಿಯಾಗಿ ಬಗ್ಗಿಸಿಬಿಡಬೇಕು. ಕಪ್ಪಿನಲ್ಲಿ ನೀರು ಉಳಿದರೆ ಮುಂದಿನ ಸಲ ಕಹಿ. ಬಗ್ಗಿಸಿದೊಡನೆ ಮುಚ್ಚಳದ ಒಳಬದಿಯನ್ನು ಮೂಸಿ ನೋಡಿ. ಒಳ್ಳೆಯ ಕಂಪು ಅಲ್ಲಿ ಸಿಕ್ಕಿಕೊಂಡಿರುತ್ತದೆ. ಎರಡನೆಯ, ಮೂರನೆಯ ಸಲವೂ ಅಷ್ಟೇ ಹೊತ್ತು. ಆಮೇಲೆ ಪ್ರತಿಸಲಕ್ಕೂ ಐದು ಹತ್ತು ಸೆಕೆಂಡು ಹೆಚ್ಚಿಸುತ್ತ ಹೋಗಬಹುದು. ಒಳ್ಳೆಯ ಎಲೆ ಆರೇಳು ಸಲ ಬರುತ್ತದೆ. ಮೊದಲಲ್ಲಿ ಬೆಂಕಿಯ ಮಾತು, ನಡುವೆ ಹೂವಿನ ಮಾತು, ಕೊನೆಗೆ ಬರಿಯ ಸಿಹಿ.

ಸೆಕೆಂಡುಗಳ ಈ ಲೆಕ್ಕಕ್ಕೆ ಕಾರಣವಿದೆ. ಕಂಪೂ ಸವಿಯೂ ನೀರಿಗೆ ಬೇಗ ಇಳಿಯುತ್ತವೆ. ಒಗರೂ ಕಹಿಯೂ ನಿಧಾನವಾಗಿ, ಆದರೆ ಬಿಡದೆ ಇಳಿಯುತ್ತವೆ. ಐದು ನಿಮಿಷ ಬಿಟ್ಟ ಬಟ್ಟಲಲ್ಲಿ ಎಲ್ಲವೂ ಒಟ್ಟಿಗೆ ಬಂದು ಕಹಿಯೇ ಗೆಲ್ಲುತ್ತದೆ. ಅದನ್ನು ಅಡಗಿಸಲು ಹಾಲು ಹಾಕಿದರೆ ಹಾಲಿನ ಸಸಾರಜನಕ ಒಗರನ್ನು ಹಿಡಿದುಕೊಳ್ಳುತ್ತದೆ, ನಿಜ. ಜೊತೆಗೆ ಹೂವಿನ ಕಂಪೂ ಮುಳುಗಿಹೋಗುತ್ತದೆ. ಇಷ್ಟು ವ್ಯವಧಾನವಿಲ್ಲದವರು ದೊಡ್ಡ ಲೋಟಕ್ಕೆ 2 ಗ್ರಾಂ ಎಲೆ ಹಾಕಿ, ಮೂರು ನಿಮಿಷಕ್ಕೆ ಸೋಸಿಕೊಳ್ಳಬಹುದು. ಅದೂ ತಪ್ಪಲ್ಲ.

ಕೊಳ್ಳುವವರಿಗೆ ಒಂದು ಎಚ್ಚರಿಕೆಯ ಮಾತು. ಬಂಡೆಯ ಚಹಾಗಳಲ್ಲಿ ಹೆಸರಾದದ್ದು 'ದಾ ಹೊಂಗ್ ಪಾವ್', ಎಂದರೆ 'ದೊಡ್ಡ ಕೆಂಪು ನಿಲುವಂಗಿ'. ಇದರ ಮೂಲವೆನಿಸಿದ ಆರು ಗಿಡಗಳು ವುಯಿಯ ಒಂದು ಬಂಡೆಯ ಮಗ್ಗುಲಲ್ಲಿ ಇಂದಿಗೂ ಇವೆ. 2002ರಲ್ಲಿ ಆ ಗಿಡಗಳ 20 ಗ್ರಾಂ ಚಹಾ ಹರಾಜಿನಲ್ಲಿ 1,80,000 ಯುವಾನ್‌ಗೆ ಹೋಯಿತು. 2006ರಿಂದ ಅವುಗಳನ್ನು ಕೊಯ್ಯುವುದನ್ನೇ ನಿಲ್ಲಿಸಿದ್ದಾರೆ. ಆದುದರಿಂದ 'ಮೂಲ ಗಿಡದ ಎಲೆ' ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆ ಹೆಸರಿನಲ್ಲಿ ಅಂಗಡಿಗಳಲ್ಲಿ ಸಿಗುವುದು ಬಹುಪಾಲು ಆ ಸೀಮೆಯ ಬೇರೆ ಬೇರೆ ತಳಿಗಳ ಮಿಶ್ರಣ. ಚೆನ್ನಾಗಿ ಬೆರೆಸಿದ್ದಾದರೆ ಅದೂ ಒಳ್ಳೆಯ ಚಹಾವೇ. ಹೊಸದಾಗಿ ಕಾವು ಕೊಟ್ಟ ಎಲೆಯಲ್ಲಿ ಬೆಂಕಿಯ ವಾಸನೆ ಮುಂದಾಗಿದ್ದರೆ ಬಿಗಿಯಾದ ಡಬ್ಬಿಯಲ್ಲಿ ಕೆಲವು ತಿಂಗಳು ಇಟ್ಟು ನೋಡಿ, ತಣ್ಣಗಾಗುತ್ತದೆ. ಒಗ್ಗರಣೆಯ ಡಬ್ಬಿಗಳ ಮಗ್ಗುಲಲ್ಲಿ ಮಾತ್ರ ಇಡಬೇಡಿ. ಚಹಾ ಎಲೆ ನೆರೆಯ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ.

ಬೆಟ್ಟದ ಮೇಲೆ ಒಬ್ಬರು ರಾತ್ರಿ ನಿದ್ದೆಗೆಟ್ಟು ಎಲೆಯನ್ನು ಮೂಸಿದ್ದಾರೆ. ಇನ್ನೊಬ್ಬರು ಕೆಂಡದ ಪಕ್ಕದಲ್ಲಿ ಕುಳಿತು ಬೂದಿಯನ್ನು ಸರಿಪಡಿಸಿದ್ದಾರೆ. ಅವರು ತಿಂಗಳುಗಟ್ಟಲೆ ತೋರಿದ ತಾಳ್ಮೆಗೆ ಪ್ರತಿಯಾಗಿ ನಮ್ಮಿಂದ ಕೇಳುವುದು ಕಾಲು ಗಂಟೆ. ಅಷ್ಟು ಕೊಟ್ಟರೆ, ಎಪ್ಪತ್ತರ ಯುವಾನ್ ಮೇಗೆ ಆದಂತೆ, ಔಷಧವೆಂದು ದೂರವಿಟ್ಟಿದ್ದೇ ಸವಿಯಾಗಿ ಬಾಯಿಗೆ ಬಂದೀತು.