ಹೋರಿ ಓಡಿತು, ರಾಗಿ ಮಾತಾಡಿತು!

ತೆರೆಯ ಮೇಲೆ ನಿಮ್ಮ ಮೆಚ್ಚಿನ ನಾಯಕ ಒಂದು ಸಲ ಕಣ್ಣು ಹೊಡೆಯುತ್ತಾನೆ. ಟಾಕೀಸಿನಲ್ಲಿ ಶಿಳ್ಳೆಯೋ ಶಿಳ್ಳೆ! ಅದಕ್ಕೆ ಅವನು ಪಟ್ಟ ಶ್ರಮವಾದರೂ ಎಷ್ಟು? ರೆಪ್ಪೆ ಮುಚ್ಚಿ ತೆರೆದಷ್ಟು. ಅದೇ ನನ್ನ ನಾಯಕ ಕಣ್ಣು ಹೊಡೆಯಬೇಕಾದರೆ ನಾನು 6ರಿಂದ 8 ಚಿತ್ರ ಬರೆಯಬೇಕು. ಏಕೆಂದರೆ ನನ್ನ ನಾಯಕನಿಗೆ ರಕ್ತಮಾಂಸವಿಲ್ಲ, ಕಾಲ್‌ಶೀಟಿಲ್ಲ, ಸಂಭಾವನೆಯಂತೂ ಮೊದಲೇ ಇಲ್ಲ. ಅವನು ಗೆರೆಯಲ್ಲಿ ಹುಟ್ಟಿದವನು!

ಸಿನಿಮಾದ ಲೆಕ್ಕ ನಿಮಗೆ ಗೊತ್ತೇ ಇದೆ. ಒಂದು ಸೆಕೆಂಡಿಗೆ 24 ಚೌಕಟ್ಟು. ಮೂರು ತಾಸಿನ ಚಿತ್ರಕ್ಕೆ 2 ಲಕ್ಷ 59 ಸಾವಿರದ 200 ಚೌಕಟ್ಟು! ಕ್ಯಾಮೆರಾ ಇದ್ದವರಿಗೆ ಅದು ಗುಂಡಿ ಒತ್ತುವ ಕೆಲಸ. ಅನಿಮೇಷನ್ ಕಲಿಯುವವನಿಗೆ ಪ್ರತಿಯೊಂದೂ ಕೈಯಿಂದಲೇ ಮೂಡಬೇಕು. ಒಂದೇ ಚಿತ್ರವನ್ನು ಎರಡೆರಡು ಚೌಕಟ್ಟಿಗೆ ಬಳಸಿ ಸೆಕೆಂಡಿಗೆ 12ರಲ್ಲಿ ಮುಗಿಸುವ ಉಪಾಯವೂ ಉಂಟು. ನಮ್ಮಂಥ ಬಡಪಾಯಿಗಳಿಗೆ ಅದೇ ಗತಿ.

ನಾನು ಬ್ಯಾಡಗಿಯವ. ಖಾರಕ್ಕಿಂತ ಬಣ್ಣಕ್ಕೇ ಹೆಸರಾದ ಮೆಣಸಿನಕಾಯಿಯ ಊರು. 2011ರಲ್ಲಿ ಆ ಕಾಯಿಗೆ ಭೌಗೋಳಿಕ ಗುರುತೂ ಸಿಕ್ಕಿತು. ಅಪ್ಪ ಮಾರುಕಟ್ಟೆಯ ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಅವ್ವ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ಹಾವೇರಿಯಲ್ಲಿ ಡಿಗ್ರಿ ಮುಗಿಸಿ, ವಾರಕ್ಕೆರಡು ದಿನ ರೈಲು ಹತ್ತಿ ಹುಬ್ಬಳ್ಳಿಗೆ ಅನಿಮೇಷನ್ ಕಲಿಯಲು ಹೊರಟಾಗ ಮನೆಯಲ್ಲಿ ಜಗಳವೇನೂ ಆಗಲಿಲ್ಲ. ಆದರೆ ಅಪ್ಪ ಒಂದು ಗಡುವು ಕೊಟ್ಟ.

“ಆರ ತಿಂಗಳು ನೋಡ್ತೀನಿ ತಮ್ಮಾ. ಆಮ್ಯಾಲೆ ಬಂದು ಅಂಗಡ್ಯಾಗ ಲೆಕ್ಕ ಬರಿಯಾಕ ಕುಂಡರಬೇಕು.”

ಮೊದಲ ವಾರ ರಾತ್ರಿಯಿಡೀ ಕುಳಿತು ಬರೆದೆ. ಬೆಳಿಗ್ಗೆ ಅಪ್ಪ ಬಂದು ಇಣುಕಿದ. “ಏನಾತಲೇ?” “ಹೋರಿ ಎದ್ದು ನಿಂತತಿ ಅಪ್ಪಾ.” “ಓಡೂದು ಯಾವಾಗ?” “ನಾಳೆ!” ಅಪ್ಪ ಮಾತಾಡದೆ ಟವೆಲ್ ಹೆಗಲಿಗೆ ಹಾಕಿಕೊಂಡು ಅಂಗಡಿಗೆ ನಡೆದ.

ಅವ್ವ ಮಾತ್ರ ನಗಲಿಲ್ಲ. “ಒಂದೊಂದ ತೊಟ್ಟು ಮುರದ್ರನ ಚೀಲ ತುಂಬೂದು” ಎಂದಳು. ಅನಿಮೇಷನ್ ಬಗ್ಗೆ ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ನನಗೆ ಯಾರೂ ಹೇಳಿಕೊಟ್ಟಿಲ್ಲ.

ಹೋರಿಯೇ ಮೇಷ್ಟ್ರು

ದೀಪಾವಳಿ ಮುಗಿಯಿತೆಂದರೆ ನಮ್ಮ ಹಾವೇರಿ ಸೀಮೆಯಲ್ಲಿ ಕೊಬ್ಬರಿ ಹೋರಿಗಳ ಕಾಲ. ಕೊರಳಿಗೆ ಕೊಬ್ಬರಿ ಹಾರ, ಕೊಂಬಿಗೆ ಬಲೂನು, ಮೈಮೇಲೆ ಜೂಲ! ಒಂದೊಂದು ಹೋರಿಗೂ ಸಿನಿಮಾ ಹೀರೋಗಳಂತೆ ಬಿರುದು, ಹೆಸರು ಬರೆದ ಬನಿಯನ್ ತೊಟ್ಟ ಅಭಿಮಾನಿಗಳ ಪಡೆ. ಜನ ಹೋರಿ ಹಿಡಿಯಲು ಓಡಿದರೆ, ನಾನು ದೂರದ ಮಾಳಿಗೆಯ ಮೇಲೆ ನಿಂತು ಮೊಬೈಲಿನಲ್ಲಿ ಸೆಕೆಂಡಿಗೆ 240 ಚೌಕಟ್ಟಿನಂತೆ ಹಿಡಿದೆ.

ಮನೆಗೆ ಬಂದು ನಿಧಾನಕ್ಕೆ ಓಡಿಸಿ ನೋಡಿದೆ. ಆಹಾ! ಹೋರಿ ಮುಂದೆ ಜಿಗಿಯುವ ಮೊದಲು ಹಿಂದಕ್ಕೆ ವಾಲುತ್ತದೆ. ಹಿಂಗಾಲು ಕುಸಿದು ಸ್ಪ್ರಿಂಗಿನಂತೆ ಒತ್ತಿಕೊಳ್ಳುತ್ತದೆ. ದೇಹ ಮುಂದೆ ಹೋದ ಮೇಲೂ ಡುಬ್ಬ ಒಂದು ಗಳಿಗೆ ಹಿಂದೆಯೇ ಉಳಿದು ಆಮೇಲೆ ಬಂದು ಸೇರುತ್ತದೆ. ಕೊಬ್ಬರಿ ಹಾರ ಇನ್ನೂ ತಡ.

ಇದನ್ನೇ ಡಿಸ್ನಿ ಕಂಪನಿಯ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ 1981ರ ತಮ್ಮ ಪುಸ್ತಕದಲ್ಲಿ 12 ಸೂತ್ರಗಳಾಗಿ ಬರೆದಿಟ್ಟರು. ಕೆಲಸಕ್ಕೆ ಮುಂಚಿನ ಸಿದ್ಧತೆ ತೋರಿಸು. ಭಾರವಿದ್ದದ್ದು ಒತ್ತಿಕೊಳ್ಳಲಿ, ಹಿಗ್ಗಲಿ. ಬಾಲ, ಬಟ್ಟೆ, ಕೂದಲು ತಡವಾಗಿ ಬರಲಿ. ಸೂತ್ರ ಕ್ಲಾಸಿನಲ್ಲಿ ಕಲಿತೆ, ನಂಬಿಕೆ ಹುಟ್ಟಿದ್ದು ಹೋರಿಯಿಂದ. ನಮ್ಮ ಸಾಹಸ ಕಲಾವಿದರಿಗೂ ಇದು ಗೊತ್ತು. ಏಟಿಗೆ ಮೊದಲು ಕೈ ಹಿಂದಕ್ಕೆ ಹೋಗದಿದ್ದರೆ ಆ ಏಟಿಗೆ ಯಾರು ಶಿಳ್ಳೆ ಹೊಡೆಯುತ್ತಾರೆ?

ತೊಗಲಿನ ತಾರೆಯರು

ಕಾರ್ಟೂನ್ ಎಂದರೆ ಅಮೆರಿಕದ್ದು ಎನ್ನುವವರಿದ್ದಾರೆ. 1915ರಲ್ಲಿಯೇ ದಾದಾಸಾಹೇಬ್ ಫಾಲ್ಕೆ ಬೆಂಕಿಕಡ್ಡಿಗಳನ್ನು ಕುಣಿಸಿ ಪುಟ್ಟ ಚಿತ್ರ ಮಾಡಿದ್ದರು. 1926ರಲ್ಲಿ ಜರ್ಮನಿಯ ಲೊಟ್ಟೆ ರೈನಿಗರ್ ಎಂಬಾಕೆ ಕಪ್ಪು ಕಾಗದ ಕತ್ತರಿಸಿ, ಕೈಕಾಲುಗಳಿಗೆ ಕೀಲು ಕೂಡಿಸಿ, ಬೆಳಕಿನ ಮುಂದೆ ಚೂರುಚೂರೇ ಸರಿಸಿ ರಾಜಕುಮಾರ ಅಹ್ಮದನ ಪೂರ್ಣಪ್ರಮಾಣದ ಚಿತ್ರ ತೆಗೆದಳು. ಆ ಚಿತ್ರ ನೋಡಿದಾಗ ನನಗೆ ಬರ್ಲಿನ್ ನೆನಪಾಗಲಿಲ್ಲ, ನಮ್ಮ ತೊಗಲು ಗೊಂಬೆ ನೆನಪಾಯಿತು! ಅದೇ ಕೀಲು, ಅದೇ ಬೆಳಕು, ಅದೇ ಪರದೆ. ನಮ್ಮದಕ್ಕೆ ಬಣ್ಣ ಹೆಚ್ಚು, ಅಷ್ಟೆ.

ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರ ವಯಸ್ಸು 96. ಜೀವಮಾನವಿಡೀ ಪರದೆಯ ಹಿಂದೆ ನಿಂತು ರಾಮಾಯಣ, ಮಹಾಭಾರತ ಆಡಿಸಿದ ಕೈ ಅದು. ಸ್ಟುಡಿಯೋ ಇಲ್ಲ, ಕಂಪ್ಯೂಟರ್ ಇಲ್ಲ. ಒಂದು ದೀಪ, ಒಂದು ಬಟ್ಟೆ, ಒಂದು ಕಂಠ!

ಪ್ರೇಕ್ಷಕನ ಕೈಗೆ ಕಥೆ

ಈಗ ಎರಡನೇ ಪಾಠ. ಕಥೆ ಮುಂದೆ ಎತ್ತ ಹೋಗಬೇಕೆಂದು ನೋಡುವವನೇ ತೀರ್ಮಾನಿಸುವುದು! ಹುಬ್ಬೇರಿಸಬೇಡಿ. 1967ರಲ್ಲಿ ಕೆನಡಾದ ಮಾಂಟ್ರಿಯಲ್ ವಸ್ತುಪ್ರದರ್ಶನದಲ್ಲಿ ಜೆಕೊಸ್ಲೊವಾಕಿಯಾದ ರಾಡುಜ್ ಚಿಂಚೆರಾ ಎಂಬಾತ ‘ಕಿನೋಆಟೋಮಾಟ್’ ಎಂಬ ಚಿತ್ರ ತೋರಿಸಿದ. ಪ್ರತಿ ಕುರ್ಚಿಗೂ ಕೆಂಪು, ಹಸಿರು ಎರಡು ಗುಂಡಿ. ನಡುನಡುವೆ ಚಿತ್ರ ನಿಲ್ಲುತ್ತಿತ್ತು, ನಿರೂಪಕ ವೇದಿಕೆಗೆ ಬಂದು ‘ಮುಂದೇನಾಗಲಿ?’ ಎಂದು ಕೇಳುತ್ತಿದ್ದ. ಹೆಚ್ಚು ಮತ ಬಿದ್ದ ಕಡೆಗೆ ಕಥೆ. ಒಳಗಿನ ಗುಟ್ಟು ಕೇಳಿ: ಯಾವ ಗುಂಡಿ ಒತ್ತಿದರೂ ಸ್ವಲ್ಪ ಹೊತ್ತಿಗೆ ಕಥೆ ಅದೇ ಜಾಗಕ್ಕೆ ಬಂದು ಸೇರುತ್ತಿತ್ತು! 2018ರ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸ್ ‘ಬ್ಯಾಂಡರ್‌ಸ್ನ್ಯಾಚ್’ ಎಂಬ ಇಂಥದೇ ಚಿತ್ರ ಬಿಟ್ಟಿತು. 2025ರಲ್ಲಿ ಅದನ್ನು ತೆಗೆದೂ ಹಾಕಿತು.

ನಮ್ಮ ಕಡೆಯ ನಾಟಕ ಕಂಪನಿಗಳಲ್ಲಿ ‘ಒನ್ಸ್ ಮೋರ್’ ಎಂದು ಕೂಗಿದರೆ ಸತ್ತು ಬಿದ್ದ ಪಾತ್ರವೂ ಎದ್ದು ಮತ್ತೆ ಹಾಡಬೇಕಿತ್ತೆಂದು ಹಿರಿಯರು ಇವತ್ತಿಗೂ ನಗುತ್ತಾ ಹೇಳುತ್ತಾರೆ. ತೊಗಲು ಗೊಂಬೆಯ ಕಿಳ್ಳೇಕ್ಯಾತ ಮುಂದೆ ಕೂತವರನ್ನೇ ಹಿಡಿದು ಗೇಲಿ ಮಾಡುತ್ತಿದ್ದ. ಕಥೆಯೊಳಗೆ ಪ್ರೇಕ್ಷಕ ಕೈಹಾಕುವುದು ನಮಗೆ ಹೊಸತಲ್ಲ, ಗುಂಡಿ ಹೊಸತು.

ಅಕ್ಕಿಯೋ? ರಾಗಿಯೋ?

ಕಥೆಗೆ ದೂರ ಹೋಗಲಿಲ್ಲ. ನಮ್ಮ ತಾಲೂಕಿನದೇ ಕಾಗಿನೆಲೆ. ಕನಕದಾಸರ ‘ರಾಮಧಾನ್ಯಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ. ಯಾರು ಶ್ರೇಷ್ಠ? ಲಂಕೆಯಿಂದ ಮರಳುತ್ತಿದ್ದ ರಾಮ ತಕ್ಷಣ ತೀರ್ಪು ಕೊಡುವುದಿಲ್ಲ. ಇಬ್ಬರನ್ನೂ ಆರು ತಿಂಗಳು ಸೆರೆಗೆ ಹಾಕಿಸುತ್ತಾನೆ. ಹೊರಗೆ ತಂದಾಗ ಭತ್ತ ಕಳೆಗುಂದಿದೆ, ರಾಗಿ ಗಟ್ಟಿಯಾಗಿದೆ. ರಾಮ ‘ರಾಘವ’ ಎಂಬ ತನ್ನ ಹೆಸರನ್ನೇ ರಾಗಿಗೆ ಕೊಡುತ್ತಾನೆ. ಬಡವನ ಅನ್ನ ಗೆಲ್ಲುವ ಈ ಕ್ಲೈಮ್ಯಾಕ್ಸ್ ಯಾವ ಸೂಪರ್ ಹಿಟ್ ಚಿತ್ರಕ್ಕೆ ಕಡಿಮೆ?

ಪಾತ್ರ ಬರೆಯಲು ಕೂತಾಗ ಬಂತು ಮಜಾ. ಭತ್ತದ ತೆನೆ ತಲೆ ಬಾಗಿಸಿಕೊಂಡಿರುತ್ತದೆ, ನೋಡಲು ವಿನಯವಂತ. ರಾಗಿಯ ತೆನೆ ಮಡಿಸಿದ ಮುಷ್ಟಿ, ಜಗಳಗಂಟನಂತೆ ಕಾಣುತ್ತದೆ. ಆದರೆ ಕಥೆಯಲ್ಲಿ ಅಹಂಕಾರದ ಮಾತಾಡುವವನು ಬಾಗಿದವನು! ಹಾಗಾಗಿ ಭತ್ತ ತಲೆ ಬಾಗಿಸಿಯೇ ಓರೆಗಣ್ಣಲ್ಲಿ ನೋಡುವಂತೆ ಬರೆದೆ. ವಜ್ರಮುನಿಯವರು ಮಾತಿಗಿಂತ ಮೊದಲು ಕಣ್ಣಲ್ಲಿ ಹೆದರಿಸುತ್ತಿದ್ದರಲ್ಲ, ಅದೇ ದಾರಿ.

ಕವಲು ಕಥೆಯ ಕೆಲಸ ರಾಣೆಬೆನ್ನೂರಿನ ಗೆಳೆಯನದು. ‘ಟ್ವೈನ್’ ಎಂಬ ಉಚಿತ ತಂತ್ರಾಂಶದಲ್ಲಿ ಒಂದೊಂದು ದೃಶ್ಯವನ್ನೂ ಚೌಕದಲ್ಲಿ ಬರೆದು ಗೆರೆ ಎಳೆದು ಜೋಡಿಸಿದರಾಯಿತು. ಅವನು ಎತ್ತಿದ ಪ್ರಶ್ನೆ ನನ್ನ ಎರಡು ವಾರದ ನಿದ್ದೆ ತಿಂದಿತು.

“ತೀರ್ಪು ನೋಡೋರ ಕೈಗೆ ಕೊಟ್ರ ಅವರು ಅಕ್ಕಿ ಅಂತಾರ, ಕಥಿ ಅಲ್ಲೇ ಮುಗೀತತಿ. ರಾಮನ ಆರ ತಿಂಗಳು ಎಲ್ಲಿ ಹೋಗಬೇಕಲೇ?”

ನಿಜ! ಈ ಕಥೆಯ ಜೀವ ಇರುವುದೇ ಕಾಯುವುದರಲ್ಲಿ. ಕೊನೆಗೆ ಹೀಗೆ ಮಾಡಿದೆವು. ತೀರ್ಪು ಪ್ರೇಕ್ಷಕರಿಗಿಲ್ಲ, ಸೆರೆಮನೆಯ ಕೀಲಿಕೈ ಮಾತ್ರ ಅವರಿಗೆ. ಪ್ರತಿ ತಿಂಗಳ ಕೊನೆಗೆ ಒಂದೇ ಪ್ರಶ್ನೆ: ಬಾಗಿಲು ತೆಗೆಯೋಣವೋ, ಕಾಯೋಣವೋ? ಬೇಗ ತೆಗೆದರೆ ಇಬ್ಬರೂ ಒಂದೇ ಥರ ಥಳಥಳ. ಆಸ್ಥಾನದಲ್ಲಿ ಗುಸುಗುಸು, ಭತ್ತಕ್ಕೆ ಜಯಕಾರ, ಚಿತ್ರ ಮುಗಿಯಿತು. ಆರೂ ತಿಂಗಳು ಕಾದವರಿಗಷ್ಟೇ ರಾಗಿ ತನ್ನ ಬಲ ತೋರಿಸುತ್ತದೆ. ಕಿನೋಆಟೋಮಾಟಿನಂತೆ ಎಲ್ಲ ದಾರಿಯೂ ಒಂದೇ ಕಡೆ ಸೇರುವ ಹಾಗಿಲ್ಲ. ಕೈ ಎತ್ತಿದವನಿಗೆ ಅವನ ಕೈಯ ಫಲ!

ನಮ್ಮ ಓಣಿಯ ಗೋಡೆಗೆ ಬಿಳಿ ಪಂಚೆ ಕಟ್ಟಿ, ಬಾಡಿಗೆ ಪ್ರೊಜೆಕ್ಟರಿನಲ್ಲಿ ತೋರಿಸಿದೆವು. ಮಾರುಕಟ್ಟೆಯ ಹಮಾಲರು, ಅವ್ವನ ಜೊತೆಯ ಹೆಂಗಸರು, ಹುಡುಗರು. ಮತ ಕೈ ಎತ್ತಿ. ಶುರುವಿನಲ್ಲೇ ಒಬ್ಬರು, “ಜ್ವಾಳದ ರೊಟ್ಟಿ ತಿನ್ನೋರ ಊರಾಗ ಅಕ್ಕಿ-ರಾಗಿ ಜಗಳ ತಂದೀರಲ್ಲೋ, ಜ್ವಾಳ ಎಲ್ಲೈತಿ?” ಎಂದು ಎಲ್ಲರನ್ನೂ ನಗಿಸಿದರು. ಮೊದಲ ಸಲ ಹುಡುಗರು ಎರಡನೇ ತಿಂಗಳಿಗೇ ಬಾಗಿಲು ತೆಗೆಸಿದರು. ಭತ್ತ ಗೆದ್ದಿತು, ಚಿತ್ರ ಮುಗಿಯಿತು. ‘ಇಷ್ಟೇ ಏನು?’ ಎಂಬ ಗಲಾಟೆ. ಮತ್ತೆ ಹಾಕಿದೆವು. ಮೂರನೇ ತಿಂಗಳಿಗೆ ಕೈಗಳು ಏಳುತ್ತಿದ್ದಂತೆ ಮುದುಕ ಹಮಾಲರೊಬ್ಬರು ಎದ್ದು ನಿಂತು ಗದರಿಸಿದರು: “ಬಾಗಿಲಾ ತಗೀಬ್ಯಾಡ್ರೋ! ಚೀಲದಾಗಿನ ಮಾಲು ಒಂದ ಮಳಿಗಾಲ ಕಳದ ಮ್ಯಾಲೆ ಗೊತ್ತಾಕ್ಕತಿ!” ಆರನೇ ತಿಂಗಳು ಬಂತು. ಮುಷ್ಟಿ ಬಿಚ್ಚಿ ರಾಗಿ ನಕ್ಕಾಗ ಬಿದ್ದ ಶಿಳ್ಳೆ ಇದೆಯಲ್ಲ... ಇರಲಿ, ನನ್ನ ಬಾಯಿಂದಲೇ ಹೇಳಬಾರದು.

ಯಂತ್ರ ಬಂತು, ದಾರಿ ಬಿಡಿ!

ಈಗ ನಿಜವಾದ ಪ್ರಶ್ನೆ. 2025ರ ಮೇ ತಿಂಗಳಲ್ಲಿ ‘ಲವ್ ಯೂ’ ಎಂಬ ಕನ್ನಡ ಚಿತ್ರ ಬಂತು. ನಟನಟಿಯರಿಲ್ಲ, ಕ್ಯಾಮೆರಾ ಇಲ್ಲ, ಎಲ್ಲವೂ ಕೃತಕ ಬುದ್ಧಿಮತ್ತೆಯದೇ ಕೆಲಸ. ಖರ್ಚು ಸುಮಾರು 10 ಲಕ್ಷವೆಂದು ಪತ್ರಿಕೆಗಳು ಬರೆದವು. ಅದನ್ನು ಓದಿದ ದಿನ ನಮ್ಮ ಕ್ಲಾಸಿನಲ್ಲಿ ಪೆನ್ಸಿಲ್ ಹಿಡಿದ ಕೈಗಳು ಸುಮ್ಮನಾದವು. ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಕಣ್ಣು ಮಿಟುಕಿಸುವುದನ್ನು ಬರೆಯುವುದಾದರೆ ನಾವೇಕೆ?

ತೆರೆಯ ಮೋಡಿಗೆ ನಾವು ಹೆದರಿದವರಲ್ಲ. 2009ರಲ್ಲಿ ಅಗಲಿದ ನಮ್ಮ ವಿಷ್ಣುವರ್ಧನ್ 2016ರ ‘ನಾಗರಹಾವು’ ಚಿತ್ರದಲ್ಲಿ ಕಂಪ್ಯೂಟರಿನ ಬಲದಿಂದ ಮತ್ತೆ ತೆರೆಯ ಮೇಲೆ ಬಂದಾಗ ಅಭಿಮಾನಿಗಳು ಪುಳಕಗೊಂಡಿದ್ದು ನಿಮಗೆ ನೆನಪಿರಬಹುದು. ಹೊಂಬಾಳೆಯವರು ಅರ್ಪಿಸಿದ, ಅಶ್ವಿನ್ ಕುಮಾರ್ ನಿರ್ದೇಶನದ ‘ಮಹಾವತಾರ ನರಸಿಂಹ’ 2025ರ ಜುಲೈ 25ರಂದು ಬಂದು, ನಟರೇ ಇಲ್ಲದೆ ಹೌಸ್‌ಫುಲ್ ಬೋರ್ಡು ಹಾಕಿಸಿತು. ಇತ್ತ ಲಾಟ್ವಿಯಾ ಎಂಬ ಪುಟ್ಟ ದೇಶದ ಗಿಂಟ್ಸ್ ಜಿಲ್ಬಲೋಡಿಸ್ ‘ಫ್ಲೋ’ ಎಂಬ ಬೆಕ್ಕಿನ ಕಥೆಯನ್ನು ‘ಬ್ಲೆಂಡರ್’ ಎಂಬ ಉಚಿತ ತಂತ್ರಾಂಶದಲ್ಲಿ ಮಾಡಿ 2025ರಲ್ಲಿ ಆಸ್ಕರ್ ಎತ್ತಿಕೊಂಡ. ಒಂದೇ ಒಂದು ಮಾತಿಲ್ಲದ ಚಿತ್ರ! ಅದೇ ಬ್ಲೆಂಡರ್ ಬ್ಯಾಡಗಿಯಲ್ಲಿ ನನ್ನ ಹಳೇ ಕಂಪ್ಯೂಟರಿನಲ್ಲೂ ಏದುಸಿರು ಬಿಡುತ್ತಾ ಓಡುತ್ತದೆ.

ಯಂತ್ರವನ್ನೂ ಒಮ್ಮೆ ಪರೀಕ್ಷಿಸಿದೆ. ರಾಗಿ ತೆನೆ ಬರೆ ಎಂದರೆ ಗೋಧಿ ತೆನೆ ಬರೆದುಕೊಟ್ಟಿತು! ನಾಳೆ ಅದೂ ಕಲಿತೀತು, ಅನುಮಾನವಿಲ್ಲ. ಆದರೆ ಸೆರೆಮನೆಯ ಬಾಗಿಲು ಎಲ್ಲಿಡಬೇಕು, ಎಷ್ಟು ಹೊತ್ತು ಮುಚ್ಚಿರಬೇಕು ಎಂಬುದು ಗೆರೆಯ ಪ್ರಶ್ನೆಯಲ್ಲ. ಅದನ್ನು ಕೇಳಿದವನು ರಾಣೆಬೆನ್ನೂರಿನವ, ಉತ್ತರ ಹೇಳಿದವರು ಬ್ಯಾಡಗಿಯ ಹಮಾಲರು. ನನ್ನ ಗೆರೆಗೆ ನಾಳೆ ಬೆಲೆ ಇರುತ್ತದೋ ಇಲ್ಲವೋ, ನೋಡುವ ಕಣ್ಣು ಬಂತಲ್ಲ, ಅದನ್ನು ಯಾರೂ ಕಿತ್ತುಕೊಳ್ಳಲಾರರು.

ಆರು ತಿಂಗಳು ಮುಗಿಯಿತು. ಅಪ್ಪ ಗಡುವಿನ ಮಾತು ತೆಗೆದ, ಆದರೆ ಬೇರೆ ದನಿಯಲ್ಲಿ. “ಮುಂಜಾನಿ ಅಂಗಡಿ, ರಾತ್ರಿ ಗೊಂಬಿ. ಆತಿಲ್ಲೋ?” ಆಯಿತೆಂದೆ. ಸದ್ಯ ದಿನದಲ್ಲಿ ಚೀಲದ ಲೆಕ್ಕ, ರಾತ್ರಿ ಚೌಕಟ್ಟಿನ ಲೆಕ್ಕ. ಎರಡರಲ್ಲೂ ಒಂದು ತಪ್ಪಿದರೆ ಪೂರ್ತಿ ತಾಳೆಯಾಗುವುದಿಲ್ಲ!

ಬಸ್ಸಿಗೆ ಕಾಯುತ್ತಾ ಇದನ್ನು ಓದುತ್ತಿರುವ ಗೆಳೆಯರೇ, ನಿಮ್ಮಲ್ಲಿ ಯಾರಿಗಾದರೂ ಈ ಹುಚ್ಚಿದ್ದರೆ ಕಂಪ್ಯೂಟರ್ ಕೊಳ್ಳುವವರೆಗೆ ತಡಮಾಡಬೇಡಿ. 24 ಹಾಳೆಯ ಒಂದು ನೋಟ್‌ಬುಕ್, ಒಂದು ಪೆನ್ಸಿಲ್ ಸಾಕು. ಪ್ರತಿ ಹಾಳೆಯ ಮೂಲೆಯಲ್ಲಿ ಒಂದು ಚೆಂಡು ಬರೆಯಿರಿ, ಪ್ರತಿ ಸಲ ಸ್ವಲ್ಪ ಕೆಳಗೆ. ನೆಲ ಮುಟ್ಟಿದ ಹಾಳೆಯಲ್ಲಿ ಚಪ್ಪಟೆ ಮಾಡಿ, ಆಮೇಲೆ ಮೇಲಕ್ಕೆ ಒಯ್ಯಿರಿ. ಹೆಬ್ಬೆರಳಿನಿಂದ ಪಟಪಟನೆ ಹಾಳೆ ಬಿಡಿ. ಚೆಂಡು ಪುಟಿಯಿತೇ? ಹಾಗಾದರೆ ನಿಮ್ಮ ಮೊದಲ ಚಿತ್ರ ಬಿಡುಗಡೆಯಾಯಿತೆಂದೇ ತಿಳಿಯಿರಿ!