ಇಂಡಿಯ ಲಿಂಬೆ, ಬೇಸಿಗೆಯ ಬೆಲೆ

ಅಂಗಡಿಯಲ್ಲಿ ನಾವು ಲಿಂಬೆಹಣ್ಣನ್ನು ಒಂದೊಂದಾಗಿ ಎಣಿಸಿ ಕೊಳ್ಳುತ್ತೇವೆ. ಇಂಡಿಯಲ್ಲಿ ಎಣಿಕೆ ಶುರುವಾಗುವುದೇ ಸಾವಿರದಿಂದ. ಸಾವಿರ ಹಣ್ಣಿನ ಒಂದು ಮೂಟೆಗೆ ಅಲ್ಲಿ ‘ಡಾಗ್’ ಎನ್ನುತ್ತಾರೆ. ‘ಡಾಗಿಗೆ ಎಷ್ಟ ಹೋತು?’ ಅನ್ನುವ ಮಾತು ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಚಹಾದ ಅಂಗಡಿಯಲ್ಲಿ ಕಿವಿಗೆ ಬೀಳುತ್ತಲೇ ಇರುತ್ತದೆ. ಆ ಒಂದು ಉತ್ತರದ ಮೇಲೆ ಮಗಳ ಕಾಲೇಜಿನ ಫೀ, ಬೋರ್‌ವೆಲ್ಲಿನ ಸಾಲ, ಮನೆಯ ಮೇಲಿನ ತಗಡು ಎಲ್ಲವೂ ನಿಂತಿರುತ್ತವೆ.

ಹೊಸ ತಾಲ್ಲೂಕುಗಳು ಆಗುವ ಮೊದಲು ವಿಜಯಪುರ ಜಿಲ್ಲೆಯಲ್ಲಿ ಇದ್ದದ್ದು ಐದೇ ತಾಲ್ಲೂಕು: ವಿಜಯಪುರ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ. ಬಿಳಿಜೋಳ, ತೊಗರಿ, ಕಡಲೆ ಎಲ್ಲ ಕಡೆಯೂ ಉಂಟು. ಬಾಗೇವಾಡಿ ಎಂದರೆ ಬಸವಣ್ಣನವರು ಹುಟ್ಟಿದ ಊರು. ಇಂಡಿಗೆ ಮಾತ್ರ ಲಿಂಬೆಯೇ ಗುರುತು. ಸಿಂದಗಿ ಕಡೆಗೂ ಲಿಂಬೆಯ ತೋಟಗಳಿವೆ, ಆದರೆ ಹೆಸರು ಬಿದ್ದದ್ದು ಇಂಡಿಗೆ. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇರುವುದೂ ಇದೇ ಊರಿನಲ್ಲಿ.

ಇಲ್ಲಿ ಬೆಳೆಯುವುದು ‘ಕಾಗ್ಜಿ’ ಲಿಂಬೆ. ಕಾಗದದಷ್ಟು ತೆಳ್ಳಗಿನ ಸಿಪ್ಪೆ ಇರುವುದರಿಂದ ಆ ಹೆಸರು. ಸಿಪ್ಪೆ ತೆಳ್ಳಗಿದ್ದರೆ ರಸ ಹೆಚ್ಚು, ಅದೇ ಈ ಹಣ್ಣಿನ ಹೆಮ್ಮೆ. ಗಿಡ ನೆಟ್ಟ ಮೇಲೆ ಕೈತುಂಬ ಫಸಲು ನೋಡಲು ನಾಲ್ಕೈದು ವರ್ಷ ಕಾಯಬೇಕು. ಆಮೇಲೆ ಇಪ್ಪತ್ತು ವರ್ಷ ಅದು ಮನೆಯ ಮಗನಂತೆ ದುಡಿಯುತ್ತದೆ. ಜೋಳ ಒಣಗಿದರೆ ಆ ವರ್ಷದ ಬೆಳೆ ಹೋಯಿತು, ಅಷ್ಟೇ. ಲಿಂಬೆಯ ಗಿಡ ಒಣಗಿದರೆ ಮುಂದಿನ ಐದು ವರ್ಷ ಹೋಯಿತು. ಬರಗಾಲದಲ್ಲಿ ಇಲ್ಲಿನ ರೈತರು ಟ್ಯಾಂಕರಿನಲ್ಲಿ ನೀರು ತರಿಸಿ ಗಿಡಗಳ ಬುಡಕ್ಕೆ ಹಾಕಿದ್ದನ್ನು ಕೇಳಿ ದೂರದ ಊರಿನವರು ಬೆರಗಾಗುತ್ತಾರೆ. ಆ ನೀರು ಫಸಲಿಗಲ್ಲ, ಗಿಡದ ಜೀವಕ್ಕೆ.

ನೀರಿನ ಕಥೆ ಇನ್ನೊಂದಿದೆ. ಉತ್ತರದಲ್ಲಿ ಭೀಮೆ, ದಕ್ಷಿಣದಲ್ಲಿ ಕೃಷ್ಣೆ. ಎರಡು ಹೊಳೆಗಳ ನಡುವೆ ಇದ್ದೂ ಈ ಸೀಮೆ ಒಣಭೂಮಿ. ಆಲಮಟ್ಟಿ ಅಣೆಕಟ್ಟೆಗೆ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ಕೆಳಗಿನ ನಾರಾಯಣಪುರ ಜಲಾಶಯದ ಎಡದಂಡೆ ಕಾಲುವೆಯಿಂದ ಒಂದು ಶಾಖಾ ಕಾಲುವೆ ಇಂಡಿಯ ಕಡೆಗೆ ಹೊರಟಿದೆ. ಕಾಲುವೆಯ ಬಾಲದಲ್ಲಿರುವವರ ಪಾಡು ಎಲ್ಲ ಊರಿನಲ್ಲೂ ಒಂದೇ. ಮೇಲಿನವರ ಹೊಲ ತಣಿದ ಮೇಲೆ ಉಳಿದದ್ದು ಇವರಿಗೆ.

ಇನ್ನು ಬೆಲೆಯ ಮಾತು. 2022ರ ಏಪ್ರಿಲ್ ನಿಮಗೆ ನೆನಪಿರಬಹುದು. ದೆಹಲಿಯಲ್ಲಿ ಲಿಂಬೆ ಕಿಲೋಗೆ ಮುನ್ನೂರು ರೂಪಾಯಿ ದಾಟಿತ್ತು, ದೃಷ್ಟಿ ತೆಗೆಯಲೂ ಹಣ್ಣು ಸಿಗದು ಎಂದು ಜನ ತಮಾಷೆ ಮಾಡಿದ್ದರು. ಮಳೆಗಾಲ ಬಂತೆಂದರೆ ಅದೇ ಹಣ್ಣನ್ನು ಕೇಳುವವರಿರುವುದಿಲ್ಲ. ಹೀಗೇಕೆ?

ಲಿಂಬೆ ಹೂ ಬಿಟ್ಟು ಹಣ್ಣಾಗಲು ಐದಾರು ತಿಂಗಳು ಬೇಕು. ಚಳಿಗಾಲದ ಕೊನೆಗೆ ಬಿಟ್ಟ ಹೂವು ಮಳೆಗಾಲದಲ್ಲಿ ಹಣ್ಣಾಗುತ್ತದೆ. ಆಗ ಎಲ್ಲರ ತೋಟವೂ ತುಂಬಿರುತ್ತದೆ, ಶರಬತ್ತು ಕುಡಿಯುವವರು ಮಾತ್ರ ಇಲ್ಲ. ಬೇಸಿಗೆಗೆ ಹಣ್ಣು ಬೇಕೆಂದರೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹೂ ಬಿಡಬೇಕು. ಇದಕ್ಕೆ ‘ಹಸ್ತ ಬಹಾರ’ ಎನ್ನುತ್ತಾರೆ. ಅದಕ್ಕೊಂದು ಉಪಾಯವಿದೆ: ಗಿಡಕ್ಕೆ ಕೆಲವು ವಾರ ನೀರು ಬಿಡದೆ ಬಾಯಾರಿಸಬೇಕು. ಎಲೆ ಬಾಡಿ ಉದುರತೊಡಗಿದಾಗ ಗೊಬ್ಬರ ಹಾಕಿ, ನೀರು ಕೊಡಬೇಕು. ಸತ್ತೇ ಹೋದೆನೆಂದು ಹೆದರಿದ ಗಿಡ ಮೈತುಂಬ ಹೂ ಬಿಡುತ್ತದೆ. ಉಪಾಯವೇನೋ ಸುಲಭ. ಆದರೆ ವಿಜಯಪುರ ಜಿಲ್ಲೆಯಲ್ಲಿ ಮಳೆ ಜೋರಾಗಿ ಬೀಳುವುದೇ ಸೆಪ್ಟೆಂಬರಿನಲ್ಲಿ. ಬಾಯಾರಿಸಬೇಕಾದ ಹೊತ್ತಿಗೆ ಆಕಾಶವೇ ನೀರು ಹಾಕಿಬಿಡುತ್ತದೆ! ಅದಕ್ಕೇ ಬೇಸಿಗೆಯ ಹಣ್ಣು ಕಡಿಮೆ, ಬೆಲೆ ಹೆಚ್ಚು. ಏಪ್ರಿಲಿನಲ್ಲಿ ಹಣ್ಣು ಇದ್ದವನು ಗೆದ್ದ. ಹಾಗೆ ಗೆಲ್ಲುವವರು ಕೆಲವರೇ. ಪತ್ರಿಕೆಯಲ್ಲಿ ‘ಲಿಂಬೆಗೆ ಚಿನ್ನದ ಬೆಲೆ’ ಎಂದು ಓದಿದಾಗ ಇದನ್ನೂ ನೆನಪಿಡಬೇಕು.

ಕೀಳುವ ಕೆಲಸ ಬೆಳಗಿನ ತಂಪಿನಲ್ಲೇ. ಲಿಂಬೆಯ ಕೊಂಬೆಯಲ್ಲಿ ಎಲೆಗೊಂದು ಮುಳ್ಳು ಎನ್ನುವಷ್ಟು ಮುಳ್ಳು. ಕಿತ್ತು ಆರಿಸುವ ಕೆಲಸದಲ್ಲಿ ಹೆಂಗಸರೇ ಹೆಚ್ಚು. ಹಳೆಯ ಅಂಗಿಯ ತೋಳು ತೊಟ್ಟರೂ ಕೈ ಗೀರಾಗುವುದು ತಪ್ಪದು, ಆ ಗೀರಿಗೆ ಲಿಂಬೆಯ ಹುಳಿ ತಾಗಿದರೆ ಹೇಗಿರುತ್ತದೆಂದು ನೀವೇ ಊಹಿಸಿ. ದಪ್ಪ, ಸಣ್ಣ, ಹಳದಿ, ಹಸಿರು ಎಂದು ಬೇರೆ ಮಾಡುತ್ತಾರೆ. ಮಳೆಯಲ್ಲಿ ಬರುವ ಕಜ್ಜಿರೋಗದಿಂದ ಸಿಪ್ಪೆಯ ಮೇಲೆ ಕಂದು ಗಂಟು ಎದ್ದಿದ್ದರೆ ಅದು ಬೇರೆ ರಾಶಿ. ಒಳಗಿನ ರಸಕ್ಕೆ ಏನೂ ಆಗಿರುವುದಿಲ್ಲ, ಬೆಲೆ ಮಾತ್ರ ಬಿದ್ದಿರುತ್ತದೆ. ಮಾರುಕಟ್ಟೆಯಲ್ಲಿ ಹರಾಜು ಮುಗಿದ ಮೇಲೆ ಲಾರಿಗಳು ಹೈದರಾಬಾದ್, ಮುಂಬೈ, ದೆಹಲಿಯ ಕಡೆಗೆ ಹೊರಡುತ್ತವೆ.

ಮಳೆಗಾಲದಲ್ಲಿ ಮಿಕ್ಕ ಹಣ್ಣಿನಿಂದ ಕಾರ್ಖಾನೆಯಲ್ಲಿ ಸಿಟ್ರಿಕ್ ಆಮ್ಲ ಮಾಡಬಾರದೇಕೆ ಎಂದು ಬುದ್ಧಿವಂತ ಮಕ್ಕಳು ಕೇಳಬಹುದು. ನೂರು ವರ್ಷದ ಹಿಂದೆ ಹಾಗೆಯೇ ಮಾಡುತ್ತಿದ್ದರು, ಇಟಲಿಯ ಲಿಂಬೆತೋಟಗಳು ಅದರಿಂದಲೇ ಬಾಳಿದವು. 1917ರಲ್ಲಿ ಜೇಮ್ಸ್ ಕರಿ ಎಂಬ ಅಮೆರಿಕದ ವಿಜ್ಞಾನಿ ಒಂದು ಬಗೆಯ ಕಪ್ಪು ಬೂಷ್ಟು ಸಕ್ಕರೆಯನ್ನು ತಿಂದು ಧಾರಾಳವಾಗಿ ಸಿಟ್ರಿಕ್ ಆಮ್ಲ ಕೊಡುತ್ತದೆಂದು ತೋರಿಸಿದ. ಅಂದಿನಿಂದ ಬಾಟಲಿಯ ತಂಪುಪಾನೀಯದ ಹುಳಿ ಬರುವುದು ಬೂಷ್ಟಿನಿಂದ. ಹಾಗಾಗಿ ಇಂಡಿಯ ಹಣ್ಣಿಗೆ ಉಳಿದ ದಾರಿ ಉಪ್ಪಿನಕಾಯಿ, ರಸ, ಮತ್ತು ದೂರದ ಪೇಟೆ.

ದೂರದ ಪೇಟೆ ಈಗ ತುಸು ತೆರೆದಿದೆ. ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆಯಂತೆ ‘ಇಂಡಿ ಲಿಂಬೆ’ಗೂ ಭೌಗೋಳಿಕ ಸೂಚಿಕೆಯ ಗುರುತು, ಅಂದರೆ ಜಿಐ ಟ್ಯಾಗ್, ಸಿಕ್ಕಿದೆ. ಬೇರೆ ಊರಿನ ಹಣ್ಣನ್ನು ಈ ಹೆಸರಿನಲ್ಲಿ ಮಾರುವಂತಿಲ್ಲ. 2025ರಲ್ಲಿ ಮೂರು ಟನ್ ಇಂಡಿ ಲಿಂಬೆ ಅರಬ್ ಸಂಯುಕ್ತ ಸಂಸ್ಥಾನಕ್ಕೆ ಹೋಯಿತು. ಒಂದು ಲಾರಿಯೂ ತುಂಬದಷ್ಟು ಹಣ್ಣು. ಆದರೆ ಆ ಪೆಟ್ಟಿಗೆಗಳು ಹೋದದ್ದು ಆಗಸ್ಟ್ ತಿಂಗಳಲ್ಲಿ. ಇಂಡಿಯಲ್ಲಿ ಲಿಂಬೆ ಕೇಳುವವರಿಲ್ಲದ ಮಳೆಗಾಲದಲ್ಲಿ, ದುಬೈಯಲ್ಲಿ ಕಡುಬೇಸಿಗೆ.