ಮಾತು ಬಾರದ ಮಗುವಿಗೆ ಯಾವ ಮಾತು?

ಮೂರು ವರ್ಷ ತುಂಬಿದ ಮಗು ಇನ್ನೂ ಮಾತಾಡಲಿಲ್ಲವೆಂದರೆ ಸಮಾಧಾನ ಹೇಳುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. ಗಂಡುಮಕ್ಕಳಿಗೆ ಮಾತು ತಡ ಎನ್ನುವವರುಂಟು. ಇವನ ಮುತ್ತಾತನಿಗೂ ಐದಕ್ಕೇ ಮಾತು ಬಂದದ್ದು ಎನ್ನುವವರುಂಟು. ನಾನೂ ಹಾಗೆಯೇ ಹೇಳಿಕೊಂಡು ಒಂದು ವರ್ಷ ಕಳೆದೆ. ನನ್ನ ಮೊಮ್ಮಗ ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಆದರೆ ಅಡಿಗೆಮನೆಯಲ್ಲಿ ಮಿಕ್ಸಿಯ ಬಳಿಗೆ ಯಾರಾದರೂ ಹೋದ ಸದ್ದಾದರೆ, ಗುಂಡಿ ಒತ್ತುವ ಮೊದಲೇ ನಡುಮನೆಯಲ್ಲಿ ಕಿವಿ ಮುಚ್ಚಿಕೊಂಡು ಕುಳಿತಿರುತ್ತಿದ್ದ. ಕಿವುಡಲ್ಲವೆಂಬುದಕ್ಕೆ ಇನ್ನಾವ ಪರೀಕ್ಷೆ ಬೇಕು?

ವೈದ್ಯರು ಆಟಿಸಂ ಎಂದರು. ಕನ್ನಡದಲ್ಲಿ ಇದಕ್ಕೆ ಸ್ವಲೀನತೆ ಎಂಬ ಮಾತು ಬಳಕೆಗೆ ಬಂದಿದೆ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಬ್ಲಾಯ್ಲರ್ 1911ರಲ್ಲಿ, ಬೇರೊಂದು ಕಾಯಿಲೆಯ ಲಕ್ಷಣವನ್ನು ಹೇಳಲು, 'ತಾನು' ಎಂಬ ಅರ್ಥದ ಗ್ರೀಕ್ ಪದದಿಂದ ಕಟ್ಟಿದ ಹೆಸರಿನ ಅನುವಾದವದು. ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ನನಗೆ ಆ ಪದ ಅಷ್ಟಾಗಿ ಒಗ್ಗುವುದಿಲ್ಲ. ತನ್ನಲ್ಲಿ ತಾನು ಮುಳುಗಿದವನಿಗೆ ಪಕ್ಕದ ಮನೆಯ ಕುಕ್ಕರಿನ ಕೂಗು ಇಷ್ಟು ನೋಯಿಸೀತೇ? ಹೊರಗಿನದೆಲ್ಲ ಅವನೊಳಕ್ಕೆ ಮಿತಿಮೀರಿ ನುಗ್ಗುತ್ತದೆಂದೇ ನನಗೆ ತೋರುತ್ತದೆ.

ನಮ್ಮ ಮನೆ ಮೈಸೂರು ರಸ್ತೆಯ ದೀಪಾಂಜಲಿ ನಗರದಲ್ಲಿದೆ. ಬೀದಿಯಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ಕೇಳುತ್ತವೆ. ಸೊಸೆಯ ತವರಿನ ಮಾತು ತೆಲುಗು. ನನ್ನದು, ಮಗನದು ಕನ್ನಡ. ಮೊಮ್ಮಗಳ ಶಾಲೆಯದು ಇಂಗ್ಲಿಷು. ಮಗುವಿಗೆ ಮಾತು ಕಲಿಸಲು ಹೋದ ಕಡೆ ಒಬ್ಬರು ಹೇಳಿದರು: "ಇಷ್ಟು ಭಾಷೆಗಳಿಂದಲೇ ಮಗುವಿಗೆ ಗೊಂದಲ. ಮನೆಮಂದಿಯೆಲ್ಲ ಒಂದೇ ಭಾಷೆ ಆಡಿ. ಮುಂದೆ ಶಾಲೆಗೂ ಆಗುತ್ತದೆ, ಇಂಗ್ಲಿಷೇ ಇರಲಿ." ಈ ಬಗೆಯ ಬುದ್ಧಿವಾದವನ್ನು ಬೆಂಗಳೂರಿನ ಎಷ್ಟೋ ತಾಯಂದಿರು ಕೇಳಿದ್ದಾರೆ.

ಆ ನಾಲ್ಕು ತಿಂಗಳು ನಮ್ಮ ಮನೆ ಮನೆಯಾಗಿರಲಿಲ್ಲ. ಸೊಸೆಗೆ ಕಚೇರಿಯಲ್ಲಿ ಬೇಕಾಗುವ ಇಂಗ್ಲಿಷು ಚೆನ್ನಾಗಿ ಬರುತ್ತದೆ. ಆದರೆ ಮಗುವಿಗೆ ತುತ್ತು ಕೊಡುವ, ಬಿದ್ದು ಅತ್ತಾಗ ಎತ್ತಿಕೊಳ್ಳುವ ಮಾತುಗಳು ಅದರಲ್ಲಿರಲಿಲ್ಲ. ಅವಳ ಜೋಗುಳ ನಿಂತುಹೋಯಿತು. ಎರಡು ಪದ ಆಡಿ ಸುಮ್ಮನಾಗುವಳು. ನಾನಂತೂ ಅವನಿಗೆ ಊಟ ಹಾಕುವಾಗ ಬಾಯಿ ಬಿಡುತ್ತಿರಲಿಲ್ಲ. ಮಾತು ಬರಲೆಂದು ಹೊರಟವರು ಮಗುವಿನ ಕಿವಿಗೆ ಬೀಳುತ್ತಿದ್ದ ಮಾತನ್ನೇ ಮುಕ್ಕಾಲು ಪಾಲು ಕಳೆದಿದ್ದೆವು.

ಒಂದು ರಾತ್ರಿ ಸೊಸೆ ಕೇಳಿದಳು: "ಅತ್ತೆ, ನಾನು ತೆಲುಗು ಮಾತಾಡಿದ್ದಕ್ಕೇ ಹೀಗಾಯ್ತಾ?"

ಈ ಪ್ರಶ್ನೆಗೆ ಹಳೆಯ ಚರಿತ್ರೆಯೊಂದಿದೆ. ಅಮೆರಿಕದ ಬಾಲ್ಟಿಮೋರಿನಲ್ಲಿದ್ದ ಲಿಯೋ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳ ವೃತ್ತಾಂತ ಬರೆದು ಆಟಿಸಂ ಅನ್ನು ಲೋಕದ ಗಮನಕ್ಕೆ ತಂದ. ಆ ಮಕ್ಕಳ ತಂದೆತಾಯಿಗಳಲ್ಲಿ ಬೆಚ್ಚನೆಯ ಮಮತೆ ಕಡಿಮೆಯೆಂಬ ಮಾತನ್ನೂ ಸೇರಿಸಿದ. ಅದು ಬೆಳೆದು, ತಾಯಿಯ ತಣ್ಣನೆಯ ಮನಸ್ಸೇ ರೋಗಕ್ಕೆ ಮೂಲವೆಂಬ ಸಿದ್ಧಾಂತವಾಗಿ ದಶಕಗಳ ಕಾಲ ಹೆತ್ತವರನ್ನು ಸುಟ್ಟಿತು. 1964ರಲ್ಲಿ, ತಾನೇ ಇಂಥ ಮಗನ ತಂದೆಯಾಗಿದ್ದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್ಲ್ಯಾಂಡ್ ಪುಸ್ತಕ ಬರೆದು ಅದನ್ನು ಅಲ್ಲಗಳೆದ. 1977ರಲ್ಲಿ ಫೋಲ್‌ಸ್ಟೈನ್ ಮತ್ತು ರಟರ್ ಅವಳಿ ಮಕ್ಕಳನ್ನು ಪರೀಕ್ಷಿಸಿ, ಹುಟ್ಟಿನಿಂದ ಬಂದ ಅಂಶಗಳ ಪಾತ್ರವನ್ನು ತೋರಿಸಿದರು. ಭಾಷೆಯ ಮಾತಿಗೆ ಬಂದರೆ, 2012ರಲ್ಲಿ ಕೆನಡಾದಲ್ಲಿ 75 ಆಟಿಸಂ ಮಕ್ಕಳ ಮೇಲೆ ನಡೆದ ಅಧ್ಯಯನವೊಂದು ಪ್ರಕಟವಾಯಿತು. ಎರಡು ಭಾಷೆಗಳ ನಡುವೆ ಬೆಳೆದವರು ಒಂದೇ ಭಾಷೆಯವರಿಗಿಂತ ಹೆಚ್ಚು ಹಿಂದುಳಿದಿರಲಿಲ್ಲ. ಆಮೇಲಿನ ಅಧ್ಯಯನಗಳೂ ಬಹುಮಟ್ಟಿಗೆ ಇದನ್ನೇ ಹೇಳಿವೆ. ಎರಡು ಭಾಷೆ ಆಡಿದರೆ ಮಾತು ಬಂದೇ ಬರುತ್ತದೆಂದು ಇದರರ್ಥವಲ್ಲ. ಕೆಲವು ಮಕ್ಕಳಿಗೆ ಮಾತು ಬಾರದೆಯೇ ಹೋಗಬಹುದು, ಚಿತ್ರ ತೋರಿಸಿ, ಸನ್ನೆ ಮಾಡಿ ತಮ್ಮ ಬೇಕುಬೇಡಗಳನ್ನು ಅವರು ತಿಳಿಸಬಹುದು. ಮನೆಮಾತು ಅದಕ್ಕೆ ಕಾರಣವಲ್ಲವೆಂದಷ್ಟೇ ಅರ್ಥ. ಇದನ್ನು ಸಮಾಧಾನವಾಗಿ ತಿಳಿಸಿಹೇಳಿದವರು ಬೇರೊಬ್ಬ ವಾಕ್‌ಚಿಕಿತ್ಸಕಿ. ನಾವು ಮತ್ತೆ ಮಾತಾಡತೊಡಗಿದೆವು.

ಮಾತು ಬಂದದ್ದು ನಾವು ಕಾದಿದ್ದ ದಾರಿಯಿಂದಲ್ಲ. ಬಾಯಾರಿದಾಗ ಅವನು ನನ್ನೆದುರು ನಿಂತು "ನೀರು ಬೇಕಾ?" ಎನ್ನತೊಡಗಿದ. ಅಜ್ಜಿಗೆ ಉಪಚಾರ ಮಾಡುತ್ತಿದ್ದಾನೆಂದು ನಾನು ಬೀಗಿ, "ಬೇಡ ಕಂದ" ಎಂದೆ. ಅವನು ಹೊರಳಾಡಿ ಅತ್ತ. ಒಂಬತ್ತು ವರ್ಷದ ಅವನ ಅಕ್ಕನೇ ಮೊದಲು ತಿಳಿದವಳು. "ಅಜ್ಜಿ, ಅವನಿಗೆ ಬೇಕಂತೆ. ನೀವು ಕೇಳೋದನ್ನೇ ಅವನು ಹೇಳ್ತಾನೆ." ಕೇಳಿದ್ದನ್ನು ಕೇಳಿದಂತೆಯೇ ಮರುನುಡಿಯುವುದು ಈ ಮಕ್ಕಳಲ್ಲಿ ಸಾಮಾನ್ಯ. ಕ್ಯಾನರ್ ಕಂಡ ಮಕ್ಕಳೂ ತಮ್ಮನ್ನು 'ನೀನು' ಎಂದುಕೊಳ್ಳುತ್ತಿದ್ದರು. ಕನ್ನಡದಲ್ಲಿ ನಾವು ಸರ್ವನಾಮವನ್ನು ಬಿಟ್ಟೇ ಮಾತಾಡುವುದರಿಂದ ಈ ಅದಲುಬದಲು ಕ್ರಿಯಾಪದದ ತುದಿಯಲ್ಲಿ ಅಡಗಿರುತ್ತದೆ: 'ಕುಡೀತೀನಿ' ಎನ್ನಬೇಕಾದಲ್ಲಿ 'ಕುಡೀತೀಯಾ?' ಹಿಂದೆ ಇದನ್ನು ಅರ್ಥವಿಲ್ಲದ ಗಿಳಿಪಾಠವೆಂದು ಬಿಡಿಸಲು ನೋಡುತ್ತಿದ್ದರು. 1980ರ ದಶಕದಿಂದೀಚೆಗೆ ಅದರೊಳಗೆ ಬೇಡಿಕೆ, ಉತ್ತರ, ಕರೆ ಎಲ್ಲವೂ ಇರಬಹುದೆಂದು ತಜ್ಞರು ಗುರುತಿಸಿದ್ದಾರೆ. ಇನ್ನೊಂದು ಸಂಗತಿಯೆಂದರೆ, ಅವನು ಅಮ್ಮನ ಬಳಿ ಹೋದರೆ "ನೀಳ್ಳು ಕಾವಾಲಾ?" ಎನ್ನುತ್ತಾನೆ. ಒಂದು ದಿನವೂ ತಪ್ಪಿ ನನ್ನೊಡನೆ ತೆಲುಗನ್ನಾಗಲಿ, ಅವಳೊಡನೆ ಕನ್ನಡವನ್ನಾಗಲಿ ಆಡಿದವನಲ್ಲ. ಭಾಷೆಗಳ ಗೊಂದಲವಿದ್ದದ್ದು ಯಾರಿಗೆ?

ಅಕ್ಕನ ವಿಷಯವನ್ನೂ ಹೇಳಬೇಕು. ತಮ್ಮನಿಗಾಗಿ ಅವಳು ದೀಪಾವಳಿಯ ಪಟಾಕಿ ಬಿಟ್ಟಳು, ಹುಟ್ಟುಹಬ್ಬದ ಬಲೂನು ಬಿಟ್ಟಳು. ಒಳ್ಳೆಯ ಹುಡುಗಿ ಎಂದು ಎಲ್ಲರೂ ಹೊಗಳಿದರು. ಆ ಹೊಗಳಿಕೆಯಿಂದ ಅವಳು ಬಳಲಿದ್ದನ್ನು ನಾವು ತಡವಾಗಿ ಕಂಡೆವು. "ಇವನು ನನ್ನ ಹೆಸರು ಯಾವಾಗ ಹೇಳ್ತಾನೆ ಅಜ್ಜಿ?" ಎಂದು ಒಮ್ಮೆ ಕೇಳಿದಳು. ಉತ್ತರ ನನ್ನಲ್ಲಿರಲಿಲ್ಲ. ವಾರಕ್ಕೊಂದು ಸಂಜೆಯಾದರೂ ಅವಳದೇ ಆಗಿರಲೆಂದು ಸಂಗೀತ ಪಾಠಕ್ಕೆ ಸೇರಿಸಿದೆವು.

ಪಾಠ ಅತ್ತಿಗುಪ್ಪೆಯಲ್ಲಿ. 2015ರಲ್ಲಿ ನಮ್ಮಲ್ಲಿಗೆ ಬಂದ ಮೆಟ್ರೋದಲ್ಲಿ ಒಂದೇ ನಿಲ್ದಾಣದ ದಾರಿ. ರೈಲೆಂದರೆ ಇವನಿಗೆ ಜೀವ; ಅಕ್ಕನನ್ನು ಬಿಟ್ಟು ಬರಲು ನನ್ನೊಡನೆ ಅವನೂ ಹೊರಡುತ್ತಾನೆ. ಕೆಲದಿನಗಳಲ್ಲೇ "ಮುಂದಿನ ನಿಲ್ದಾಣ ಅತ್ತಿಗುಪ್ಪೆ" ಎಂಬ ಘೋಷಣೆ ಧಾಟಿಸಮೇತ ಅವನ ಬಾಯಿಗೆ ಬಂತು. ರೈಲಿನ ಹಂಬಲವೆಂದು ನಾವು ನಕ್ಕೆವು. ಒಂದು ಮಧ್ಯಾಹ್ನ ಶಾಲೆಯ ವ್ಯಾನು ತಡವಾಯಿತು. ಅವನು ಗೇಟಿನ ಸರಳು ಹಿಡಿದು, ಬೀದಿಯ ತುದಿ ನೋಡುತ್ತ, ಅದನ್ನೇ ಹೇಳುತ್ತ ನಿಂತಿದ್ದ. ವ್ಯಾನು ಬಂದು ಅವಳಿಳಿದಾಗ ಸುಮ್ಮನಾಗಿ ಒಳಗೆ ಹೋದ.

ಅವಳ ಹೆಸರನ್ನು ಅವನು ಇನ್ನೂ ಹೇಳಿಲ್ಲ. ಅವನು ಕೋಣೆಯಿಂದ "ಅತ್ತಿಗುಪ್ಪೆ" ಎಂದರೆ ಅವಳು ಬರೆಯುತ್ತಿದ್ದುದನ್ನು ಬಿಟ್ಟು "ಓ, ಬಂದೆ" ಎನ್ನುತ್ತಾಳೆ.